ಬೀಗ ಹಾಕದ ಚೌಕ

ಹೋದ ತಿಂಗಳು ಬೆಂಗಳೂರಿನಿಂದ ಬಂದಿದ್ದ ನಮ್ಮ ಭಾವನನ್ನು ಮಾಟುಂಗಾದ ಒಂದು ಉಡುಪಿ ಹೋಟೆಲಿಗೆ ಕರೆದುಕೊಂಡು ಹೋಗಿದ್ದೆ. ತಿಂಡಿ ಆದ ಮೇಲೆ ಭಾವ ಗಲ್ಲಾದ ಮುಂದೆ ಫೋನು ಚಾಚಿದರು. "ಮುಟ್ಟಿಸುವ ಮಿಷನ್ ಇಲ್ಲ ಮಾರಾಯ್ರೆ, ಸ್ಕ್ಯಾನ್ ಮಾಡಿ" ಅಂದರು ಗಲ್ಲಾದಲ್ಲಿದ್ದ ಕುಂದಾಪುರದವರು. ಹೊರಗೆ ಬಂದು ಭಾವ, "ಮುಂಬೈ ಇನ್ನೂ ಹಿಂದೆ ಇದೆಯಲ್ಲ" ಅಂದರು. ನನಗೆ ಹಾಗನಿಸುವುದಿಲ್ಲ.

ಭಾವ ಎಂಜಿನಿಯರ್. ಅವರ ಹೆಸರಿರುವ ಪೇಟೆಂಟ್ ಪತ್ರಕ್ಕೆ ಕಟ್ಟು ಹಾಕಿಸಿ ಹಾಲ್‌ನಲ್ಲಿ ತೂಗುಹಾಕಿದ್ದಾರೆ. ನನಗೂ ಅದು ಹೆಮ್ಮೆಯೇ. ಅವರ ಸ್ನೇಹಿತರಲ್ಲಿ ಯಾರಿಗೆ ಹೊಸದೇನು ಹೊಳೆದರೂ ಮೊದಲ ಮಾತು, "ಪೇಟೆಂಟ್ ಹಾಕಿದ್ರಾ?" ಮೂವತ್ತು ವರ್ಷದಿಂದ ನಾನು ನೋಡುತ್ತಿರುವ ಇಲ್ಲಿನ ಅಂಗಡಿಯವರು ಕೇಳುವುದೇ ಬೇರೆ: "ಎಲ್ಲರ ಫೋನಲ್ಲೂ ನಡೆಯುತ್ತಾ?" ದುಡ್ಡು ಕೈ ಬದಲಿಸುವ ವಿಷಯದಲ್ಲಿ ಈ ಪ್ರಶ್ನೆಯೇ ಮೊದಲು ಬರಬೇಕು.

ಗಲ್ಲಾದ ಮೇಲೆ ಅಂಟಿಸಿದ ಆ ಕ್ಯೂಆರ್ ಚೌಕದ ಕತೆಯನ್ನೇ ನೋಡಿ. 1994ರಲ್ಲಿ ಜಪಾನಿನ ಡೆನ್ಸೊ ಕಂಪನಿಯಲ್ಲಿ ಮಸಾಹಿರೊ ಹಾರಾ ಮತ್ತು ಜೊತೆಗಾರರು ಅದನ್ನು ಮಾಡಿದ್ದು ಕಾರಿನ ಬಿಡಿಭಾಗಗಳ ಲೆಕ್ಕ ಇಡಲು. ಪೇಟೆಂಟ್ ಅವರ ಕೈಯಲ್ಲೇ ಇತ್ತು. ಆದರೂ, ನಿಯಮದಂತೆ ಬಳಸುವವರ ಮೇಲೆ ಆ ಹಕ್ಕು ಚಲಾಯಿಸುವುದಿಲ್ಲ ಎಂದುಬಿಟ್ಟರು. ಸ್ಕ್ಯಾನರ್ ಮಾರಿ ಸಂಪಾದಿಸಿದರು. ಅವರು ಬಾಗಿಲು ತೆರೆದಿಟ್ಟಿದ್ದಕ್ಕೇ ಇವತ್ತು ಹೂವು ಮಾರುವವಳ ಬುಟ್ಟಿಗೂ ಒಂದು ಕಾಗದ ಸಾಕು. 2016ರಲ್ಲಿ ಯುಪಿಐ ಬಂದಾಗ ಈ ಚೌಕ ಯಾರ ಅಪ್ಪಣೆಯೂ ಇಲ್ಲದೆ ಕೆಲಸಕ್ಕೆ ಸಿಕ್ಕಿತು.

ಮುಟ್ಟಿಸಿ ಕೊಡುವ ಎನ್‌ಎಫ್‌ಸಿ ಹಾಗಲ್ಲ. 13.56 ಮೆಗಾಹರ್ಟ್ಸ್ ಅಲೆಯಲ್ಲಿ, ಕೆಲವೇ ಸೆಂಟಿಮೀಟರ್ ದೂರದಲ್ಲಿ ಫೋನೂ ಮಿಷನ್ನೂ ಮಾತಾಡಿಕೊಳ್ಳುತ್ತವೆ. ಒಳ್ಳೆಯ ತಂತ್ರ, ಅನುಮಾನವಿಲ್ಲ. ಆದರೆ ಚಿಪ್ಪಿಗೆ, ಆಂಟೆನಾಗೆ, ಗುಟ್ಟು ಕಾಯುವ ಭಾಗಕ್ಕೆ ಬೇರೆ ಬೇರೆಯವರ ಪೇಟೆಂಟು. ಸೋನಿ, ನೋಕಿಯಾ, ಫಿಲಿಪ್ಸ್ ಸೇರಿ 2004ರಲ್ಲಿ ಎನ್‌ಎಫ್‌ಸಿ ಫೋರಂ ಕಟ್ಟಿ ಎಲ್ಲರಿಗೂ ಒಂದೇ ನಿಯಮ ಮಾಡಲು ಹೊರಟರೂ ಜಗಳ ನಿಲ್ಲಲಿಲ್ಲ. 2013ರಲ್ಲಿ ಪೇಟೆಂಟುಗಳನ್ನು ಕೂಡಿಟ್ಟು ಅವುಗಳಿಂದ ದುಡ್ಡು ಮಾಡುತ್ತಿದ್ದ ಫ್ರಾನ್ಸ್ ಬ್ರೆವೆ ಎಂಬ ನಿಧಿ ಎಲ್‌ಜಿ, ಎಚ್‌ಟಿಸಿ ಕಂಪನಿಗಳನ್ನು ಕೋರ್ಟಿಗೆ ಎಳೆಯಿತು. ಅಗ್ಗದ ಫೋನುಗಳಲ್ಲಿ ಎನ್‌ಎಫ್‌ಸಿ ಇಲ್ಲದಿರಲು ಪೇಟೆಂಟೊಂದೇ ಕಾರಣ ಅನ್ನುತ್ತಿಲ್ಲ, ಚಿಪ್ಪಿಗೂ ದುಡ್ಡು ಬೇಕಲ್ವಾ. ಆದರೆ ಪ್ರತಿ ಬಾಗಿಲಲ್ಲೂ ಸುಂಕ ಕೊಟ್ಟು ದಾಟುವ ದಾರಿ ಬಡವರ ಬೀದಿಗೆ ಬೇಗ ಬರುವುದಿಲ್ಲ.

ನಮ್ಮ ಕಾನೂನು ಇಲ್ಲಿ ಜಾಣತನ ತೋರಿದೆ. ಪೇಟೆಂಟ್ ಕಾಯ್ದೆಯ 3(ಕೆ) ಕಲಂ ಪ್ರಕಾರ ವ್ಯಾಪಾರದ ವಿಧಾನಕ್ಕೆ, ಬರೀ ಕಂಪ್ಯೂಟರ್ ಪ್ರೋಗ್ರಾಮಿಗೆ ಪೇಟೆಂಟ್ ಇಲ್ಲ. 2004ರ ಕೊನೆಗೆ ಬಂದ ಸುಗ್ರೀವಾಜ್ಞೆ ಇದನ್ನು ಸಡಿಲಿಸಲು ನೋಡಿತ್ತು. 2005ರಲ್ಲಿ ಸಂಸತ್ತು ಒಪ್ಪಲಿಲ್ಲ. ಆ ಕಲಂ ಹಾಗೇ ಉಳಿಯಬೇಕು ಎಂದು ನಾನು ಗಟ್ಟಿಯಾಗಿ ನಂಬುತ್ತೇನೆ.

ಬೆಂಗಳೂರಿನವರ ಅರ್ಜಿ ಚೆನ್ನೈ ಪೇಟೆಂಟ್ ಕಚೇರಿಗೆ ಹೋಗುತ್ತದೆ, ನಮ್ಮದು ಇಲ್ಲೇ ಆಂಟಾಪ್ ಹಿಲ್‌ಗೆ. ಎಲ್ಲಿ ಹಾಕಿದರೂ ಹಾಕಿ ಭಾವ, ದುಡಿಮೆಗೆ ಬೆಲೆ ಸಿಗಲಿ. ಆದರೆ ಹಣ ಕೊಡುವ ದಾರಿಯದ್ದಾದರೆ, ಡೆನ್ಸೊದವರ ಹಾಗೆ ನಿಯಮದಂತೆ ಬಳಸುವವರಿಗೆ ಬಿಟ್ಟುಕೊಡುತ್ತೇವೆ ಎಂದು ಅದೇ ದಿನ ಬರೆದುಕೊಡಿ.