ಪಾಠ ಮುಗಿದ ಮೇಲಿನ ವಾರ

ಪ್ರಾಥಮಿಕ ಶಾಲೆಯ ವರ್ಷದಲ್ಲಿ ಯಾವ ಲೆಕ್ಕಕ್ಕೂ ಸೇರದ ಒಂದು ವಾರವಿದೆ. ಆಗ ಪಾಠ ಮುಗಿದಿರುತ್ತದೆ, ಶಾಲೆ ಮುಗಿದಿರುವುದಿಲ್ಲ. ಉತ್ತರ ಪತ್ರಿಕೆಗಳು ಶಿಕ್ಷಕರ ಕೊಠಡಿಯಲ್ಲಿ ಕಟ್ಟುಕಟ್ಟಾಗಿ ಬಿದ್ದಿರುತ್ತವೆ. ವೇಳಾಪಟ್ಟಿ ಗೋಡೆಯ ಮೇಲೆ ನೇತಾಡುತ್ತಲೇ ಇರುತ್ತದೆ, ಆದರೆ ಅಧಿಕಾರ ಕಳೆದುಕೊಂಡ ಮಂತ್ರಿಯ ಭಾವಚಿತ್ರದ ಹಾಗೆ ಯಾರೂ ಅದರತ್ತ ನೋಡುವುದಿಲ್ಲ. ಮಕ್ಕಳ ಚೀಲ ಹಗುರವಾಗಿರುವುದರಿಂದಲೋ ಏನೋ ಅವರ ಕಾಲೂ ನೆಲದ ಮೇಲೆ ನಿಲ್ಲುವುದಿಲ್ಲ. ರಜೆಗೆ ಇನ್ನೂ ಆರು ದಿನ ಬಾಕಿ.

ಈ ಆರು ದಿನ ಮಕ್ಕಳನ್ನು ಏನು ಮಾಡುವುದು? ನಾವು ಓದುವಾಗ ಇದಕ್ಕೆ ಒಂದೇ ಉತ್ತರವಿತ್ತು: ಕೈಕಟ್ಟಿ, ಬಾಯಿಗೆ ಬೆರಳಿಟ್ಟು ಕೂರಿಸುವುದು. ಈಗಿನ ಉತ್ತರದ ಹೆಸರು ‘ಚಟುವಟಿಕೆ ವಾರ’. ಹೆಸರು ಚೆನ್ನಾಗಿದೆ. ಉಳಿದ ವಾರಗಳಲ್ಲಿ ಚಟುವಟಿಕೆ ಇರಲಿಲ್ಲವೇ ಎಂದು ಯಾರೂ ಕೇಳದಿದ್ದರೆ ಸರಿ. ನಾನು ಭಾಷೆಯ ಮೇಷ್ಟರು. ನನ್ನ ಪಾಲಿಗೆ ಬಂದದ್ದು ನಾಲ್ಕನೆಯ ತರಗತಿ, ದಿನಕ್ಕೆ ಎರಡು ಅವಧಿ. ವಿಷಯದ ಅಂಕಣದಲ್ಲಿ ‘ರಜಾ ಚಟುವಟಿಕೆ ಮತ್ತು ಭಾಷೆ’ ಎಂದು ಬರೆದಿತ್ತು. ಈ ‘ಮತ್ತು’ವಿನ ಎರಡು ಬದಿಗಳನ್ನು ಹೇಗೆ ಹೊಲಿಯುವುದು ಎಂಬುದು ನನ್ನ ತಲೆನೋವು.

ಮೊದಲ ದಿನ ನಾನು ಎಲ್ಲ ಮೇಷ್ಟರೂ ಮಾಡುವ ತಪ್ಪನ್ನೇ ಮಾಡಿದೆ. ರಜೆ ಎಂಬ ಪದದ ಮೇಲೆಯೇ ಪಾಠ ಮಾಡಿದೆ. ಅದು ಅರಬ್ಬೀ ಮೂಲದ ಪದ, ಒಪ್ಪಿಗೆ, ಅನುಮತಿ ಎಂದು ಅದರ ಅರ್ಥ, ಪಾರಸಿ, ಮರಾಠಿಗಳ ದಾರಿ ಹಿಡಿದು ನಮ್ಮಲ್ಲಿಗೆ ಬಂದಿದೆ ಎಂದೆ. ಅಂದರೆ ರಜೆ ನಮ್ಮ ಹಕ್ಕಲ್ಲ, ಯಾರೋ ಒಪ್ಪಿ ಕೊಟ್ಟದ್ದು. ಅದಕ್ಕೆ ಸದಾ ಪ್ರಾಸವಾಗಿ ನಿಲ್ಲುವ ‘ಮಜಾ’ ಪಾರಸಿಯಿಂದ ಬಂದದ್ದು, ಅಲ್ಲಿ ಅದರ ಅರ್ಥ ರುಚಿ. ನಮ್ಮದೇ ಪದ ಬೇಕೆಂದರೆ ‘ಬಿಡುವು’ ಇದೆ, ಬಿಡು ಎಂಬ ಧಾತುವಿನಿಂದ ಹುಟ್ಟಿದ್ದು. ಇಂಗ್ಲಿಷಿನ ‘ಸ್ಕೂಲ್’ ಗ್ರೀಕರ ‘ಸ್ಖೊಲೆ’ಯಿಂದ ಬಂದಿದೆ, ಆ ಪದಕ್ಕೂ ಬಿಡುವು ಎಂದೇ ಅರ್ಥ ಎಂದು ಹೇಳಿದಾಗ ತರಗತಿಯಲ್ಲಿ ಒಂದು ಗಳಿಗೆ ಮೌನ. ನನ್ನ ಪಾಂಡಿತ್ಯಕ್ಕೆ ಬೆರಗಾದರೆಂದುಕೊಂಡೆ. ಹಿಂದಿನ ಬೆಂಚಿನಿಂದ ಪ್ರಶ್ನೆ ಬಂತು: “ಹಾಗಾದರೆ ಮನೆಗೆ ಹೋಗಬಹುದೇ ಸರ್?”

ಅಲ್ಲಿಗೆ ಪದಮೂಲದ ಪಾಠ ಮುಗಿಯಿತು. ಯಾರೂ ಕೇಳಿಸಿಕೊಳ್ಳಲಿಲ್ಲ ಎಂದು ನಾನು ನಂಬಿದ್ದೆ. ಆ ನಂಬಿಕೆ ಸುಳ್ಳೆಂದು ತಿಳಿಯಲು ರಜೆ ಮುಗಿಯಬೇಕಾಯಿತು.

ಎರಡನೆಯ ದಿನ ಪತ್ರಲೇಖನ. ಅಂಚೆ ಕಾರ್ಡಿನ ಅಳತೆಯ ದಪ್ಪ ಕಾಗದ ಕತ್ತರಿಸಿ, ಒಂದು ಬದಿಗೆ ಚಿತ್ರ, ಇನ್ನೊಂದು ಬದಿಗೆ ರಜೆಯಲ್ಲಿ ನೋಡಬೇಕೆನಿಸಿದವರಿಗೆ ನಾಲ್ಕು ಸಾಲು. ಅಂಚೆ ಕಾರ್ಡು ಮೊದಲು ಹೊರಬಂದದ್ದು 1869ರಲ್ಲಿ, ಆಸ್ಟ್ರಿಯಾ–ಹಂಗೆರಿಯಲ್ಲಿ. ಅಷ್ಟು ಚಿಕ್ಕ ಜಾಗದಲ್ಲಿ ಏನು ಬರೆಯುತ್ತಾರೆ, ಬರೆದದ್ದನ್ನು ದಾರಿಯಲ್ಲಿ ಎಲ್ಲರೂ ಓದುವುದಿಲ್ಲವೇ ಎಂಬುದು ನನ್ನ ಮಕ್ಕಳ ಸಂಶಯ. ತೆರೆದ ಪತ್ರದಲ್ಲಿ ಗುಟ್ಟು ಬರೆಯಬಾರದು ಎಂದೆ. ಗುಟ್ಟಿಲ್ಲದೆ ಅಜ್ಜಿಗೆ ಬರೆಯುವುದಾದರೂ ಏನನ್ನು ಎಂದು ಅವರು.

ತೊಂದರೆ ಬೇರೆ ಕಡೆ ಇತ್ತು. ಇವರಿಗೆ ಗೊತ್ತಿದ್ದ ಪತ್ರ ಒಂದೇ, ರಜಾ ಅರ್ಜಿ. ಜ್ವರದ ನಿಮಿತ್ತ ಎರಡು ದಿನ ಬರಲಾಗುವುದಿಲ್ಲವಾದ್ದರಿಂದ ದಯವಿಟ್ಟು ಕ್ಷಮಿಸಬೇಕಾಗಿ ಕೋರಿಕೆ ಎಂಬುದನ್ನು ನಾನೇ ಕಂಠಪಾಠ ಮಾಡಿಸಿದ್ದೆ. ಆದ್ದರಿಂದ ಒಬ್ಬಳ ಕಾರ್ಡು ಹೀಗಿತ್ತು: “ಮಾನ್ಯ ಅಜ್ಜಿಯವರೇ, ವಿಷಯ: ರಜೆಗೆ ಬರುವ ಬಗ್ಗೆ. ಈ ಮೇಲ್ಕಂಡ ವಿಷಯಕ್ಕೆ ಸಂಬಂಧಿಸಿದಂತೆ ನಾನು ಮುಂದಿನ ಸೋಮವಾರ ಬರುತ್ತಿದ್ದೇನೆ. ಇಂತಿ ತಮ್ಮ ವಿಧೇಯ ಮೊಮ್ಮಗಳು.” ಇನ್ನೊಬ್ಬ ಅಜ್ಜನಿಗೆ ಬರೆದ ಪತ್ರದಲ್ಲಿ ಪೋಷಕರ ಸಹಿಗೆ ಜಾಗ ಬಿಟ್ಟಿದ್ದ. ಕೆಂಪು ಶಾಯಿ ತೆಗೆದವನು ಮುಚ್ಚಿಟ್ಟೆ. ಕಲಿಸಿದ್ದನ್ನು ಚಾಚೂ ತಪ್ಪದೆ ಒಪ್ಪಿಸಿದವರನ್ನು ತಿದ್ದುವುದು ಹೇಗೆ? ‘ಇಲ್ಲಿ ಎಲ್ಲರೂ ಕ್ಷೇಮ, ನಿಮ್ಮ ಕ್ಷೇಮಕ್ಕೆ ಪತ್ರ ಬರೆಯಿರಿ’ ಎಂಬ ಹಳೆಯ ಒಕ್ಕಣೆಯನ್ನು ಹಲಗೆಯ ಮೇಲೆ ಬರೆದು ತೋರಿಸಿದೆ. ಕ್ಷೇಮವಾಗಿಲ್ಲದಿದ್ದರೂ ಹಾಗೆಯೇ ಬರೆಯಬೇಕೇ ಎಂದು ಒಬ್ಬ ಕೇಳಿದ. ಹೌದು, ಸಾಮಾನ್ಯವಾಗಿ ಹಾಗೆಯೇ ಬರೆಯುತ್ತಾರೆ.

ನಡುವಿನ ಒಂದು ದಿನ ಕಾಗದದ ದೋಣಿ. ಕಿಂಡರ್‌ಗಾರ್ಟನ್ ಎಂಬ ಹೆಸರನ್ನು 1840ರಲ್ಲಿ ಕೊಟ್ಟ ಜರ್ಮನಿಯ ಫ್ರೋಬೆಲ್ ಮಕ್ಕಳ ಕೈಕೆಲಸಗಳಲ್ಲಿ ಕಾಗದ ಮಡಿಸುವುದನ್ನೂ ಸೇರಿಸಿದ್ದ. ಅವನ ಉದ್ದೇಶ ಬೆರಳುಗಳಿಗೂ ಆಕಾರದ ಅರಿವಿಗೂ ಸಂಬಂಧಿಸಿದ್ದು. ನನಗೆ ಭಾಷೆ ಬೇಕಿತ್ತಲ್ಲ, ಅದಕ್ಕೆ ಒಂದು ಷರತ್ತು ಹಾಕಿದೆ. ಇಬ್ಬರು ಬೆನ್ನಿಗೆ ಬೆನ್ನು ಕೊಟ್ಟು ಕೂರಬೇಕು. ದೋಣಿ ಬಲ್ಲವರು ಬಾಯಲ್ಲಿ ಹೇಳಬೇಕು, ಅರಿಯದವರು ಹೇಳಿದಂತೆ ಮಡಿಸಬೇಕು. ತಿರುಗಿ ನೋಡುವಂತಿಲ್ಲ, ಕೈಸನ್ನೆ ಇಲ್ಲ.

ಶಾಲೆಯ ದೋಣಿವೀರನೊಬ್ಬ ಇದ್ದಾನೆ, ಕಣ್ಣು ಮುಚ್ಚಿ ಮಡಿಸುವವನು. ಅವನು ಶುರು ಮಾಡಿದ: “ಇದನ್ನು ಹೀಗೆ ತೆಗೆದುಕೋ. ಇಲ್ಲಿ ಮಡಿಸು. ಆಮೇಲೆ ಆ ಕಡೆಯಿಂದ ಹೀಗೆ.” ಬೆನ್ನ ಹಿಂದಿನವಳು ಕೇಳಿದಳು: “ಯಾವುದು ಇದು? ಎಲ್ಲಿ ಇಲ್ಲಿ?” ಅವನು ಇನ್ನೂ ಗಟ್ಟಿಯಾಗಿ “ಹೀಗೆ, ಹೀಗೆ!” ಎಂದ. ದೊಡ್ಡವರೂ ಇದನ್ನೇ ಮಾಡುತ್ತೇವೆ, ಪದ ಸಿಗದಾಗ ದನಿ ಏರಿಸುತ್ತೇವೆ. ಹತ್ತು ನಿಮಿಷಕ್ಕೆ ಅವಳ ಕೈಯಲ್ಲಿ ಟೊಪ್ಪಿಗೆಯೂ ಅಲ್ಲದ, ಲಕೋಟೆಯೂ ಅಲ್ಲದ ವಸ್ತುವೊಂದು ತಯಾರಾಯಿತು. ವೀರನಿಗೆ ಅಳು ಬರುವುದೊಂದು ಬಾಕಿ.

ಆಮೇಲೆ ಒಂದೊಂದೇ ಪದ ಹೊರಬರತೊಡಗಿತು. ಯಾರೋ ‘ಅಂಚು’ ಎಂದರು, ಇನ್ಯಾರೋ ‘ಮೂಲೆ’. “ಉದ್ದನೆಯ ಅಂಚಿಗೆ ಉದ್ದನೆಯ ಅಂಚನ್ನು ತಾಗಿಸು.” ನಡುಗೆರೆ, ಮಡಿಕೆ, ಪದರ, ತುದಿ, ಮಗ್ಗುಲು. “ಮೇಲಿನ ಪದರವನ್ನು ಮಾತ್ರ ಎತ್ತು, ಕೆಳಗಿನದು ಹಾಗೆಯೇ ಇರಲಿ.” ಒಬ್ಬ ಹುಡುಗಿ ‘ಜೇಬು ಬಿಚ್ಚಿದ ಹಾಗೆ ಬಿಚ್ಚು’ ಎಂದಳು. ಅದು ಎಲ್ಲರಿಗೂ ಒಮ್ಮೆಲೇ ಅರ್ಥವಾಯಿತು. ಉಪಮೆ ಎಂದರೇನು ಎಂದು ಈ ತರಗತಿಗೆ ನಾನು ಎಂದೂ ಹೇಳಿರಲಿಲ್ಲ, ಆಗಲೂ ಹೇಳಲಿಲ್ಲ. ವಿಭಕ್ತಿ ಪ್ರತ್ಯಯಗಳಿಗೆ ಆ ದಿನ ಬಂದ ಬೆಲೆ ನೋಡಬೇಕಿತ್ತು. ‘ಮೂಲೆಗೆ ಮಡಿಸು’ ಎಂದರೆ ಒಂದು, ‘ಮೂಲೆಯನ್ನು ಮಡಿಸು’ ಎಂದರೆ ಇನ್ನೊಂದು, ‘ಮೂಲೆಯಿಂದ ಮಡಿಸು’ ಎಂದರೆ ಮತ್ತೂ ಒಂದು. ಪ್ರತ್ಯಯ ತಪ್ಪಿದರೆ ಅಂಕ ಹೋಗುತ್ತಿರಲಿಲ್ಲ, ದೋಣಿಯೇ ಹೋಗುತ್ತಿತ್ತು. ವರ್ಷವಿಡೀ ‘ಅನ್ನು, ಇಂದ, ಗೆ, ದೆಸೆಯಿಂದ’ ಎಂದು ರಾಗವಾಗಿ ಹೇಳಿಸಿದ ನಾನು ಕಿಟಕಿಯ ಬಳಿ ನಿಂತು ಸುಮ್ಮನೆ ನೋಡಿದೆ. ‘ದೆಸೆಯಿಂದ’ ಮಾತ್ರ ಯಾವ ದೋಣಿಗೂ ಬೇಕಾಗಲಿಲ್ಲ.

ಗುರುವಾರ ಪ್ರಬಂಧ, ‘ರಜೆಯಲ್ಲಿ ನಾನೇನು ಮಾಡುತ್ತೇನೆ’. ಶಾಲೆ ಮತ್ತೆ ತೆರೆದಾಗ ಇದನ್ನೇ ‘ರಜೆಯಲ್ಲಿ ನಾನೇನು ಮಾಡಿದೆ’ ಎಂದು ಬರೆಸುತ್ತೇವೆ. ಭವಿಷ್ಯತ್ತಿನಲ್ಲಿ ಬರೆದದ್ದಕ್ಕೂ ಭೂತದಲ್ಲಿ ಬರೆದದ್ದಕ್ಕೂ ತಾಳೆ ನೋಡುವ ಧೈರ್ಯವನ್ನು ನಾನು ಒಮ್ಮೆಯೂ ಮಾಡಿಲ್ಲ. ಕನ್ನಡದಲ್ಲಿ ‘ಹೋಗುತ್ತೇನೆ’ ಎಂದರೆ ಈಗಲೂ ಆಯಿತು, ನಾಳೆಯೂ ಆಯಿತು. ‘ಹೋಗುವೆನು’ ವ್ಯಾಕರಣ ಪುಸ್ತಕದಲ್ಲಿ ಕುಳಿತಿದೆ. ಮಕ್ಕಳೆಲ್ಲ ‘ಹೋಗುತ್ತೇನೆ, ಆಡುತ್ತೇನೆ, ಮಲಗುತ್ತೇನೆ’ ಎಂದು ಪುಟ ತುಂಬಿಸಿದರು. ಮಲಗುವುದೇ ಹೆಚ್ಚು. ಅವುಗಳ ನಡುವೆ ಒಂದು ಸಾಲು: “ಅಪ್ಪನಿಗೆ ರಜೆ ಸಿಕ್ಕರೆ ಸಮುದ್ರ ನೋಡಲು ಹೋದೇವು.”

ಹೋದೇವು! ಸಂಭಾವನಾರ್ಥಕ ಕ್ರಿಯಾಪದ. ಅದನ್ನು ಪ್ರೌಢಶಾಲೆಯಲ್ಲಿ ಕಲಿಸುತ್ತಾರೆ. ಮಾತಿನಲ್ಲಿ ಈಗ ಎಲ್ಲರೂ ‘ಹೋಗಬಹುದು’ ಎಂದು ಮುಗಿಸಿಬಿಡುತ್ತಾರೆ. ಇವನು ಮನೆಯಲ್ಲಿ ಹಿರಿಯರ ಬಾಯಲ್ಲಿ ಕೇಳಿದ್ದಿರಬೇಕು. ‘ಹೋಗಬಹುದು’ ಎಂಬುದರಲ್ಲಿ ಅನುಮತಿಯೂ ಇದೆ, ಸಾಧ್ಯತೆಯೂ ಇದೆ, ಎರಡೂ ಕಲಸಿಕೊಂಡಿವೆ. ‘ಹೋದೇವು’ ಹಾಗಲ್ಲ. ಅದು ಆಸೆಯನ್ನು ಹೇಳಿಯೂ ಹೇಳದ ಹಾಗೆ, ಹೋಗದಿದ್ದರೂ ಬೇಸರವಿಲ್ಲ ಎಂದು ಮೊದಲೇ ಬರೆದಿಟ್ಟ ಹಾಗೆ ಇದೆ. ಹುಡುಗನನ್ನು ಕರೆದು ಇದು ತುಂಬ ಒಳ್ಳೆಯ ಪದ ಎಂದೆ. ಅವನು ತಪ್ಪೆಂದು ತಿಳಿದು, ನಾನು ತಡೆಯುವ ಮೊದಲೇ, ರಬ್ಬರಿನಿಂದ ಅಳಿಸಿ ‘ಹೋಗುತ್ತೇವೆ’ ಎಂದು ಬರೆದುಬಿಟ್ಟ. ಕರೆದು ಹೊಗಳುವ ಅಭ್ಯಾಸ ನನಗಿರಲಿಲ್ಲವಲ್ಲ, ಕರೆದೆನೆಂದರೆ ತಪ್ಪು ಎಂದೇ ಲೆಕ್ಕ.

ರಜೆಯಲ್ಲಿ ಮಕ್ಕಳು ಕಲಿತದ್ದನ್ನು ಮರೆಯುತ್ತಾರೆ ಎಂಬ ಚಿಂತೆ ನಮ್ಮ ವೃತ್ತಿಗೆ ಹಳೆಯದು. ಅಮೆರಿಕದ ಹ್ಯಾರಿಸ್ ಕೂಪರ್ ಮತ್ತು ಅವರ ಜೊತೆಗಾರರು 1996ರಲ್ಲಿ ಅದುವರೆಗಿನ 39 ಅಧ್ಯಯನಗಳನ್ನು ಜಾಲಾಡಿ, ಬೇಸಿಗೆ ರಜೆಯಲ್ಲಿ ಅಲ್ಲಿನ ಮಕ್ಕಳು ಸರಾಸರಿ ಒಂದು ತಿಂಗಳ ಕಲಿಕೆಯಷ್ಟು ಹಿಂದೆ ಬೀಳುತ್ತಾರೆಂದು ಲೆಕ್ಕ ಹಾಕಿದರು. ಹೆಚ್ಚು ಪೆಟ್ಟು ತಿನ್ನುವುದು ಲೆಕ್ಕ ಮಾಡುವ ಅಭ್ಯಾಸ ಮತ್ತು ಕಾಗುಣಿತ. ನಮ್ಮ ಮಕ್ಕಳ ಬಗ್ಗೆ ನಾನು ಹೇಳಬಲ್ಲದ್ದು ಒಂದೇ: ಮೊದಲು ಹಾರಿಹೋಗುವುದು ಮಹಾಪ್ರಾಣ. ಶಾಲೆ ತೆರೆದ ದಿನ ಧನವಂತರೆಲ್ಲ ದನವಂತರಾಗಿರುತ್ತಾರೆ. ಒಂದು ವಾರದಲ್ಲಿ ಪ್ರಾಣ ಮರಳಿ ಬರುತ್ತದೆ, ಆದ್ದರಿಂದ ನಾನು ನಿದ್ದೆ ಕೆಡಿಸಿಕೊಳ್ಳುವುದಿಲ್ಲ.

ಇನ್ನು ಕೊನೆಯ ದಿನದ ಪದಸರಪಳಿ. ಒಂದು ಗುಂಪಿನ ಪದ ಯಾವ ಅಕ್ಷರದಲ್ಲಿ ಮುಗಿಯುತ್ತದೋ ಅದರಿಂದ ಇನ್ನೊಂದು ಗುಂಪು ಶುರು ಮಾಡಬೇಕು, ಗುಣಿತ ಯಾವುದಾದರೂ ಸರಿ. ಇಂಗ್ಲಿಷು, ಅರಬ್ಬೀ ಮುಂತಾದ ದೂರದ ಪದಗಳು ಸಲ್ಲವೆಂದು ನಾನೇ ನಿಯಮ ಮಾಡಿದೆ. ಸಂಸ್ಕೃತಕ್ಕೆ ಸುಂಕವಿಲ್ಲ, ಇಲ್ಲದಿದ್ದರೆ ಆಟ ಐದು ನಿಮಿಷ ನಡೆಯುತ್ತಿರಲಿಲ್ಲ. ಮರ, ರವಿ, ವಿಮಾನ, ನವಿಲು, ಲತೆ, ತಾವರೆ ಎಂದು ಶಾಂತವಾಗಿ ಸಾಗುತ್ತಿತ್ತು. ಆಗ ಮುಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ‘ರಸ್ತೆ’ ಎನ್ನಲು ಹೋಗಿ ಬಾಯಿ ಮುಚ್ಚಿಕೊಂಡು, ಅರೆಗಳಿಗೆ ಯೋಚಿಸಿ, ‘ರಥಗಳು’ ಎಂದಳು.

ಎದುರು ಗುಂಪು ‘ಳ’ದಿಂದ ಪದ ಹುಡುಕಿತು. ಇಲ್ಲ. ಹುಡುಗಿಯ ಮುಖದಲ್ಲಿ ಆವಿಷ್ಕಾರದ ಬೆಳಕು. ಬಹುವಚನ ಎಂದರೆ ಬ್ರಹ್ಮಾಸ್ತ್ರ! ಯಾವ ಪದಕ್ಕಾದರೂ ‘ಗಳು’ ಅಂಟಿಸಿ, ಎದುರಾಳಿ ಸತ್ತ. ಎರಡೇ ನಿಮಿಷದಲ್ಲಿ ತರಗತಿಯ ಅಷ್ಟೂ ಮಂದಿ, ವರ್ಷವಿಡೀ ‘ಎರಡು ಮರ, ಮೂರು ನಾಯಿ’ ಎಂದು ಬರೆದವರು ಕೂಡ, ಅಚ್ಚುಕಟ್ಟಾದ ಬಹುವಚನದಲ್ಲಿ ಕಾದಾಡತೊಡಗಿದರು. ಕೊನೆಗೆ ನಾನು ಮಧ್ಯೆ ಬಂದು ‘ಗಳು’ ನಿಷೇಧಿಸಿದೆ. ಆಗ ಹೊಸ ಆಯುಧಗಳು ಹೊರಬಂದವು. ಒಬ್ಬ ‘ಮಳೆ’ ಎಂದ, ಇನ್ನೊಬ್ಬಳು ‘ಬಾಣ’ ಎಂದಳು.

ಗದ್ದಲ ಅಡಗಿಸಲು ಮೇಜು ಕುಟ್ಟಿ ವಿವರಿಸಿದೆ. ನಮ್ಮ ವರ್ಣಮಾಲೆಯಲ್ಲಿ 13 ಸ್ವರ, 2 ಯೋಗವಾಹ, 34 ವ್ಯಂಜನ, ಒಟ್ಟು 49. ಇವುಗಳಲ್ಲಿ ಕೆಲವು ಅಕ್ಷರಗಳು ಪದದ ಮುಂದಿನ ಬೆಂಚಿನಲ್ಲಿ ಕೂರುವುದೇ ಇಲ್ಲ, ನಡುವಿನಲ್ಲೋ ಕೊನೆಯಲ್ಲೋ ಇರುತ್ತವೆ. “ಙ, ಞ ಹೇಗೂ ಹೋಯಿತು. ಣಕಾರದಿಂದ, ಳಕಾರದಿಂದ ಶುರುವಾಗುವ ಪದಗಳೂ ಕನ್ನಡದಲ್ಲಿ ಇಲ್ಲ. ಆದ್ದರಿಂದ ಹುಡುಕಬೇಡಿ.” ಒಬ್ಬಳು ಕೈ ಎತ್ತಿದಳು. ಆ ರಥದವಳೇ. “ರಜೆಯಲ್ಲಿ ಹುಡುಕಿಕೊಂಡು ಬರಬಹುದೇ ಸರ್?” ಧಾರಾಳವಾಗಿ ಎಂದೆ. ಅಷ್ಟರಲ್ಲಿ ಗಂಟೆ ಹೊಡೆಯಿತು. ಹಲಗೆಯ ಮೇಲೆ ‘ಬಾಣ’ ಎಂದು ಬರೆದದ್ದು ಹಾಗೆಯೇ ಉಳಿಯಿತು. ಬೆಂಚುಗಳ ಅಡಿಯಲ್ಲಿ ಏಳೆಂಟು ಕಾಗದದ ದೋಣಿಗಳು ಬಿದ್ದಿದ್ದವು, ಒಂದೆರಡರಲ್ಲಿ ಸೀಮೆಸುಣ್ಣದ ತುಂಡುಗಳು ಪ್ರಯಾಣಿಕರಾಗಿ ಕುಳಿತಿದ್ದವು.

ಶಾಲೆ ಮತ್ತೆ ತೆರೆದ ದಿನ ಅವಳು ಹಾಜರಿಗಿಂತ ಮೊದಲೇ ಮೇಜಿನ ಬಳಿ ಬಂದು ನಿಂತಳು.

“ಣ ಸಿಕ್ಕಿತು ಸರ್.”

“ಏನು?”

“ಣಕಾರ. ನೀವೇ ಹೇಳಿದಿರಿ, ಣಕಾರದಿಂದ ಶುರುವಾಗುವ ಪದ ಇಲ್ಲವೆಂದು. ಣಕಾರವೇ ಣಕಾರದಿಂದ ಶುರುವಾಗುತ್ತದೆಯಲ್ಲ.”

ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಈ ಮಾತನ್ನು ತರಗತಿಯಿಂದ ತರಗತಿಗೆ ಹೇಳಿಕೊಂಡು ಬಂದವನು ನಾನು. ಉತ್ತರ ಹುಡುಕುತ್ತಿರುವಾಗಲೇ ಅವಳು ಗಡುವು ಕೊಟ್ಟಳು: “ಈಗ ‘ರ’. ನಿಮ್ಮ ಸರದಿ.”

ಶಾಲೆ ತೆರೆದ ಮೊದಲ ಬೆಳಗ್ಗೆ ಮೇಷ್ಟರ ತಲೆಯಲ್ಲಿ ‘ರ’ದಿಂದ ಬೇರೇನು ಇರಲು ಸಾಧ್ಯ? “ರಜೆ” ಎಂದೆ.

“ಅದು ನಡೆಯುವುದಿಲ್ಲ ಸರ್” ಎಂದಳು ಅವಳು, ತನ್ನ ಜಾಗಕ್ಕೆ ಹೋಗುತ್ತ. “ಅರಬ್ಬೀ ಪದ.”