ಆ ವಿವಿಟಾರ್ ಲೆನ್ಸ್ ಬಗ್ಗೆ ನಾನು ಬರೆದದ್ದು ತಪ್ಪು

'ವಿವಿಟಾರ್ ಸೀರೀಸ್ 1, 70-210 ಝೂಮ್ ಎಲ್ಲಾ ಒಂದೇ, ಕಿನೋ ಕಂಪನಿ ಮಾಡಿದ್ದು, ಕಣ್ಣು ಮುಚ್ಚಿ ತಗೊಳ್ಳಿ' ಎಂಬ ಮೆಸೇಜ್ ಮೈಸೂರಿನ ಫಿಲ್ಮ್ ಕ್ಯಾಮೆರಾ ಗುಂಪುಗಳಲ್ಲಿ ಓಡಾಡುತ್ತಿದೆ. ಬರೆದವನು ನಾನೇ. ಅದು ತಪ್ಪು.

ವಿವಿಟಾರ್ ಅನ್ನೋದು ಹಳೆಯ ಫಿಲ್ಮ್ ಕ್ಯಾಮೆರಾ ಲೆನ್ಸುಗಳ ಬ್ರ್ಯಾಂಡ್, ಅದು ತಾನೇ ಲೆನ್ಸ್ ತಯಾರಿಸುತ್ತಿರಲಿಲ್ಲ. ಜಪಾನಿನ ಬೇರೆ ಬೇರೆ ಕಾರ್ಖಾನೆಗಳಲ್ಲಿ ಮಾಡಿಸಿ ತನ್ನ ಹೆಸರು ಹಾಕುತ್ತಿತ್ತು. ಸರಸ್ವತಿಪುರಂನ ಗೆಳೆಯರೊಬ್ಬರು ಮೊನ್ನೆ ತಂದು ತೋರಿಸಿದ 70-210 ಲೆನ್ಸಿನ ಸೀರಿಯಲ್ ನಂಬರ್ 28ರಿಂದ ಶುರುವಾಗಿತ್ತು. ಅಂದರೆ ಅದು ಕೊಮಿನೆ ಕಂಪನಿಯ ತಯಾರಿಕೆ. 22 ಇದ್ದರೆ ಕಿನೋ, 37 ಇದ್ದರೆ ಟೋಕಿನಾ. ಲೆನ್ಸಿನ ಮುಂದೆ ಹಾಕುವ ಫಿಲ್ಟರಿನ ಅಳತೆಯೂ ಸುಳಿವು ಕೊಡುತ್ತದೆ: ಕಿನೋದ್ದು 67 ಮಿ.ಮೀ., ಉಳಿದೆರಡು 62. ಕೊಮಿನೆಯ ಅಪರ್ಚರ್ (ಬೆಳಕು ಒಳಬಿಡುವ ಕಿಂಡಿ) ಗರಿಷ್ಠ f/2.8-4, ಕಿನೋ, ಟೋಕಿನಾ ಎರಡರದ್ದೂ f/3.5. ಮೂರೂ ಬೇರೆ ಬೇರೆ ವಿನ್ಯಾಸ. ನನಗೆ ಕೊಮಿನೆಯೇ ಜಾಸ್ತಿ ಇಷ್ಟ, ಅದು ಬೇರೆ ಮಾತು.

'ಕಣ್ಣು ಮುಚ್ಚಿ' ಅನ್ನೋದಂತೂ ಇನ್ನೂ ದೊಡ್ಡ ತಪ್ಪು. ಹಿಂದಿನಿಂದ ಟಾರ್ಚ್ ಬಿಟ್ಟು ನೋಡಿ. ನಾಲ್ಕು ಧೂಳಿನ ಕಣ ಇದ್ದರೆ ಚಿಂತೆಯಿಲ್ಲ. ಜೇಡರ ಬಲೆಯಂತೆ ಕವಲೊಡೆದ ಗೆರೆ ಕಂಡರೆ ಅದು ಫಂಗಸ್. ಬೀರುವಿನಲ್ಲಿ ಮಳೆಗಾಲ ಕಳೆದ ಲೆನ್ಸಿಗೆ ಇದು ಮಾಮೂಲು ಅಲ್ವಾ? ಆ ಕಿಂಡಿಯನ್ನು ಹಿಗ್ಗಿಸಿ ಕುಗ್ಗಿಸುವ ಅಪರ್ಚರ್ ಎಲೆಗಳ ಮೇಲೆ ಎಣ್ಣೆ ಇದ್ದರೆ ಅವು ನಿಧಾನವಾಗಿ ಮುಚ್ಚುತ್ತವೆ, ಫೋಟೋಗೆ ಬೆಳಕು ಜಾಸ್ತಿಯಾಗುತ್ತದೆ. ಮೌಂಟ್ (ಲೆನ್ಸನ್ನು ಕ್ಯಾಮೆರಾಗೆ ಜೋಡಿಸುವ ಭಾಗ) ನಿಮ್ಮ ಕ್ಯಾಮೆರಾಗೆ ಹೊಂದುತ್ತದಾ ನೋಡಿಕೊಳ್ಳಿ.

ಹಳೆಯ ಮೆಸೇಜನ್ನು ದಯವಿಟ್ಟು ಮುಂದೆ ಕಳಿಸಬೇಡಿ. ಕಳಿಸಿದ್ದರೆ ಅದರ ಕೆಳಗೆ ಇದನ್ನು ಹಾಕಿ.