ನಡೆಯದ ಸಭೆಗೆ ನನ್ನ ಸಹಿ

ನಮ್ಮೂರಿನ ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆಯ ಎಸ್‌ಡಿಎಂಸಿಗೆ, ಅಂದರೆ ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿಗೆ, ನಾನು ಸದಸ್ಯೆಯಾಗಿ ಎರಡು ವರ್ಷವಾಯಿತು. ಶಾಲೆಯ ನಡಾವಳಿ ಪುಸ್ತಕವನ್ನು ನಂಬುವುದಾದರೆ ಈ ಅವಧಿಯಲ್ಲಿ ನಾನು 11 ಸಭೆಗಳಿಗೆ ಹಾಜರಾಗಿದ್ದೇನೆ. ನಿಜವಾಗಿ ಕುರ್ಚಿಯ ಮೇಲೆ ಕುಳಿತದ್ದು ಎರಡೇ ಸಲ, ಅದರಲ್ಲೂ ಒಂದು ಸಭೆ ಸ್ವಾತಂತ್ರ್ಯ ದಿನಕ್ಕೆ ಲಾಡು ಹಂಚಬೇಕೋ ಬೂಂದಿ ಹಂಚಬೇಕೋ ಎಂಬ ಚರ್ಚೆಯಲ್ಲೇ ಮುಗಿಯಿತು.

ಉಳಿದ ಒಂಬತ್ತು ಸಭೆಗಳು ನಮ್ಮ ಮನೆಯ ಹೊಸ್ತಿಲಲ್ಲಿ ನಡೆದವು. ನಾಲ್ಕನೇ ತರಗತಿಯ ಹುಡುಗನೊಬ್ಬ ಉದ್ದನೆಯ ಪುಸ್ತಕವನ್ನು ಎದೆಗವಚಿಕೊಂಡು ಬಂದು, "ಹೆಡ್‌ಮಾಸ್ಟರು ಸೈನ್ ಹಾಕ್ಸಿಕೊಂಡು ಬಾ ಅಂದ್ರು" ಎಂದು ಪುಟ ತೆರೆಯುತ್ತಾನೆ. ಪುಟದ ಕೆಳಗೆ ಸದಸ್ಯರ ಹೆಸರುಗಳು ಸಾಲಾಗಿರುತ್ತವೆ, ಸಹಿ ಹಾಕಬೇಕಾದ ಕಡೆ ಪೆನ್ಸಿಲ್ಲಿನ ಚುಕ್ಕಿ ಇರುತ್ತದೆ, ಮೇಲಿನ ಮುಕ್ಕಾಲು ಪುಟ ಖಾಲಿ ಇರುತ್ತದೆ. ನಾವು ಏನನ್ನು ಚರ್ಚಿಸಿ ಏನನ್ನು ಸರ್ವಾನುಮತದಿಂದ ಅಂಗೀಕರಿಸಿದೆವು ಎಂಬುದು ಆ ಖಾಲಿ ಜಾಗದಲ್ಲಿ ಆಮೇಲೆ, ಅಗತ್ಯ ಬಿದ್ದಾಗ, ಮೂಡುತ್ತದೆ. ಬೆಳಿಗ್ಗೆ ಏಳಕ್ಕೇ ಕೂಲಿಗೆ ಹೊರಡುವ ಕಾಲೋನಿಯ ಸದಸ್ಯೆಯೊಬ್ಬರಿದ್ದಾರೆ. ಅವರಿಗೆ ಓದು ಬಾರದು, ಆದ್ದರಿಂದ ಹುಡುಗನ ಜೊತೆಗೆ ಇಂಕ್ ಪ್ಯಾಡೂ ಬರುತ್ತದೆ. ಅವರನ್ನು ಅನ್ನುವ ಯೋಗ್ಯತೆ ನನಗಿಲ್ಲ. ಪಿಯುಸಿ ಓದಿದ ನಾನೂ ಒಲೆಯ ಮೇಲಿನ ಹಾಲು ಉಕ್ಕೀತೆಂದು ಅವಸರದಲ್ಲಿ ಸಹಿ ಗೀಚಿ ಕಳುಹಿಸಿದವಳೇ.

ಕರ್ನಾಟಕದಲ್ಲಿ ಈ ಸಮಿತಿಗಳು 2001ರಿಂದ ಇವೆ. 2010ರ ಏಪ್ರಿಲ್ 1ರಂದು ಜಾರಿಗೆ ಬಂದ ಶಿಕ್ಷಣ ಹಕ್ಕು ಕಾಯ್ದೆಯು ತನ್ನ 21ನೇ ಕಲಮಿನಲ್ಲಿ, ಶಾಲಾ ಸಮಿತಿಯ ಕನಿಷ್ಠ ಮುಕ್ಕಾಲು ಪಾಲು ಸದಸ್ಯರು ಪೋಷಕರಾಗಿರಬೇಕು, ಹಿಂದುಳಿದವರ ಮತ್ತು ದುರ್ಬಲ ವರ್ಗದವರ ಮಕ್ಕಳ ತಂದೆತಾಯಂದಿರಿಗೆ ಅವರ ಪ್ರಮಾಣಕ್ಕೆ ತಕ್ಕ ಸ್ಥಾನವಿರಬೇಕು, ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು ಎಂದು ಸ್ಪಷ್ಟವಾಗಿ ಹೇಳಿದೆ. ಶಾಲೆಗೆ ಬಂದ ಅನುದಾನ ಹೇಗೆ ಖರ್ಚಾಯಿತೆಂದು ನೋಡುವ ಕೆಲಸವನ್ನೂ ಅದೇ ಸಮಿತಿಗೆ ವಹಿಸಿದೆ. ಅರ್ಧದಷ್ಟು ಮಹಿಳೆಯರಿರಬೇಕು ಎಂಬ ಮಾತನ್ನು ನಮ್ಮಲ್ಲಿ ಅರ್ಧದಷ್ಟು ಸಹಿ ಮಹಿಳೆಯರದ್ದಿರಬೇಕು ಎಂದು ಅರ್ಥಮಾಡಿಕೊಂಡಿದ್ದಾರೆ.

ನನ್ನ ಕಣ್ಣು ತೆರೆಸಿದ್ದು ಹೆಣ್ಣುಮಕ್ಕಳ ಶೌಚಾಲಯ. ಆರನೇ ತರಗತಿಯಲ್ಲಿರುವ ನನ್ನ ಮಗಳು ಶಾಲೆಗೆ ಕೊಂಡೊಯ್ದ ನೀರಿನ ಬಾಟಲಿಯನ್ನು ದಿನವೂ ತುಂಬಿದಂತೆಯೇ ಮರಳಿ ತರುತ್ತಿದ್ದಳು. ಗದರಿ ಕೇಳಿದಾಗ, ನೀರು ಕುಡಿದರೆ ಶೌಚಾಲಯಕ್ಕೆ ಹೋಗಬೇಕಾಗುತ್ತದೆ, ಅಲ್ಲಿ ನಲ್ಲಿ ಇದೆ ನೀರಿಲ್ಲ, ಬೋರ್‌ವೆಲ್ಲಿನಿಂದ ಬಕೆಟ್ ಹೊರುವ ಪಾಳಿ ಯಾವಾಗಲೂ ಅದೇ ನಾಲ್ಕೈದು ಮಕ್ಕಳಿಗೆ ಬೀಳುತ್ತದೆ ಎಂದಳು. ಆ ನಾಲ್ಕೈದು ಮಕ್ಕಳು ಯಾವ ಕೇರಿಯವರೆಂದು ನಾನು ಕೇಳಲಿಲ್ಲ, ಕೇಳುವ ಅಗತ್ಯವೂ ಇರಲಿಲ್ಲ. 2023ರ ಡಿಸೆಂಬರಿನಲ್ಲಿ ಮಾಲೂರು ತಾಲ್ಲೂಕಿನ ವಸತಿ ಶಾಲೆಯೊಂದರಲ್ಲಿ ದಲಿತ ಮಕ್ಕಳನ್ನು ಶೌಚಗುಂಡಿಗೆ ಇಳಿಸಿದ ಸುದ್ದಿ ಬಂದಾಗ ಇಡೀ ರಾಜ್ಯ ಕೋಪಗೊಂಡಿತು, ಪ್ರಾಂಶುಪಾಲರ ಬಂಧನವೂ ಆಯಿತು. ಬಕೆಟ್ ಹೊರುವುದು ಮಾತ್ರ ಯಾರ ಕಣ್ಣಿಗೂ ಸುದ್ದಿಯಾಗಿ ಕಾಣುವುದಿಲ್ಲ.

ಮರುದಿನ ಶಾಲೆಗೆ ಹೋಗಿ ಕೇಳಿದೆ. ಮುಖ್ಯ ಶಿಕ್ಷಕರು ಬೀರು ತೆಗೆದು, ಪುಸ್ತಕದ ಹಿಂದಿನ ವರ್ಷದ ಪುಟವೊಂದನ್ನು ತೋರಿಸಿ, "ಕೆಲಸ ಆಗಿದೆಯಲ್ಲಮ್ಮ, ನೀವೇ ಒಪ್ಪಿಗೆ ಕೊಟ್ಟಿದ್ದೀರಿ" ಎಂದರು. ಬಾಲಕಿಯರ ಶೌಚಾಲಯಕ್ಕೆ ನೀರಿನ ತೊಟ್ಟಿ ಕೂರಿಸಿ ಪೈಪು ಹಾಕಿದ ಖರ್ಚನ್ನು ಸಭೆಯು ಪರಿಶೀಲಿಸಿ ಅನುಮೋದಿಸಿದೆ ಎಂದು ಅಲ್ಲಿ ದುಂಡಗಿನ ಅಕ್ಷರದಲ್ಲಿ ಬರೆದಿತ್ತು. ಕೆಳಗೆ ಐದನೆಯ ಸಾಲಿನಲ್ಲಿ ನನ್ನದೇ ಸಹಿ. ತೊಟ್ಟಿ ಎಲ್ಲಿದೆ ಎಂದು ನಾನು ಜಗಳ ತೆಗೆದರೆ, ತೊಟ್ಟಿ ಬಂದಿದೆಯೆಂದು ಬರೆದುಕೊಟ್ಟ ಮೊದಲ ಸಾಕ್ಷಿಯೂ ನಾನೇ ಆಗುತ್ತೇನೆ. ಪುಟದ ಫೋಟೊ ತೆಗೆಯಲು ಮೊಬೈಲ್ ಎತ್ತಿದಾಗ ಪುಸ್ತಕ ಬೀರುವಿಗೆ ಹೋಯಿತು. "ಮಗಳು ಇನ್ನೂ ಎರಡು ವರ್ಷ ಇಲ್ಲೇ ಓದಬೇಕಲ್ಲವೇ" ಎಂದು ಅಲ್ಲೇ ಕುಳಿತಿದ್ದ ಅಧ್ಯಕ್ಷರು ಕುಶಲ ವಿಚಾರಿಸುವ ದನಿಯಲ್ಲಿ ಕೇಳಿದರು.

ಹತ್ತು ರೂಪಾಯಿಯ ಪೋಸ್ಟಲ್ ಆರ್ಡರ್ ಲಗತ್ತಿಸಿ, ಸಮಿತಿಯ ನಡಾವಳಿ ಮತ್ತು ತೊಟ್ಟಿಯ ಬಿಲ್ಲುಗಳ ನಕಲು ಕೋರಿ ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಕಚೇರಿಗೆ ಮಾಹಿತಿ ಹಕ್ಕಿನ ಅರ್ಜಿ ಹಾಕಿದೆ. ನಮ್ಮ ರಾಜ್ಯದ ನಿಯಮದಂತೆ ಅರ್ಜಿ 150 ಪದಗಳನ್ನು ಮೀರಬಾರದು, ಒಂದೇ ವಿಷಯಕ್ಕೆ ಸೀಮಿತವಾಗಿರಬೇಕು. ಉತ್ತರ ಕೊಡದೆ ಇರಲು ಮಾತ್ರ ಯಾವ ಮಿತಿಯೂ ಇದ್ದಂತಿಲ್ಲ. ಅರ್ಜಿದಾರರಿಂದ ಕಾರಣ ಕೇಳುವಂತಿಲ್ಲವೆಂದು ಮಾಹಿತಿ ಹಕ್ಕು ಕಾಯ್ದೆಯ 6ನೇ ಕಲಂ ಹೇಳಿದರೂ, ಇದೆಲ್ಲ ಯಾಕೆ ಬೇಕೆಂದು ಗುಮಾಸ್ತರು ಎರಡು ಸಲ ಫೋನ್ ಮಾಡಿ ಕೇಳಿದರು. ಮೂವತ್ತು ದಿನ ಕಳೆದ ಮೇಲೆ ಬಂದ ಹಿಂಬರಹದಲ್ಲಿ, ಕೋರಿರುವ ಮಾಹಿತಿಯು ಮೂರನೇ ವ್ಯಕ್ತಿಗೆ ಸಂಬಂಧಿಸಿದ್ದರಿಂದ ಒದಗಿಸಲು ಅವಕಾಶವಿಲ್ಲ ಎಂದಿತ್ತು. ನಾನು ಸದಸ್ಯೆಯಾಗಿರುವ ಸಮಿತಿಯ, ನಾನು ಹಾಜರಿದ್ದೆನೆಂದು ಅವರೇ ಸಾಧಿಸುವ ಸಭೆಯ, ನನ್ನದೇ ಸಹಿ ಇರುವ ಕಾಗದಕ್ಕೆ ನಾನು ಮೂರನೇ ವ್ಯಕ್ತಿಯಾದದ್ದು ಹೇಗೆ? ಮೊದಲ ಮೇಲ್ಮನವಿ ಹಾಕಿದೆ. ವಿಚಾರಣೆಯ ನೋಟಿಸು ವಿಚಾರಣೆ ಮುಗಿದ ಮೂರನೆಯ ದಿನ ಅಂಚೆಯಲ್ಲಿ ಕೈಸೇರಿತು, ಗೈರುಹಾಜರಿಯ ಕಾರಣ ಕಡತ ಮುಕ್ತಾಯವಾಯಿತು. ನಡೆಯದ ಸಭೆಗಳಿಗೆಲ್ಲ ಹಾಜರಿದ್ದ ನಾನು ನಡೆದ ಒಂದೇ ಒಂದು ವಿಚಾರಣೆಗೆ ಗೈರಾದೆ.

ಮುಖ್ಯ ಶಿಕ್ಷಕರ ಕಷ್ಟ ನನಗೆ ತಿಳಿಯದ್ದೇನಲ್ಲ. ಎರಡು ಹುದ್ದೆ ಖಾಲಿ ಇವೆ, ಅತಿಥಿ ಶಿಕ್ಷಕರು ಬರುವಷ್ಟರಲ್ಲಿ ಮಳೆಗಾಲ ಅರ್ಧ ಮುಗಿದಿರುತ್ತದೆ, ಮೊಟ್ಟೆಗೆ ಸರ್ಕಾರ ಕೊಡುವ ಹಣ ಸಾಲದೆ ಅವರು ಕೈಯಿಂದ ಹಾಕಿದ್ದನ್ನು ನಾನೇ ನೋಡಿದ್ದೇನೆ. ಮಾಹಿತಿ ಹಕ್ಕಿನ ಹೆಸರಿನಲ್ಲಿ ಕಚೇರಿಗಳಿಂದ ಹಣ ಕೀಳುವವರು ನಮ್ಮ ತಾಲ್ಲೂಕಿನಲ್ಲೂ ಇದ್ದಾರೆ, ಅದೂ ಗೊತ್ತು. ಆದರೆ ಅದನ್ನೇ ನೆಪ ಮಾಡಿಕೊಂಡು, ತೊಟ್ಟಿ ಎಲ್ಲಿದೆಯೆಂದು ಕೇಳಿದ ತಾಯಿಯನ್ನು "ಆರ್‌ಟಿಐನವಳು" ಎಂದು ಊರ ತುಂಬ ಹೆಸರಿಟ್ಟು ಕರೆಯುವುದು, ಮಗಳ ಗೆಳತಿಯರ ಮನೆಯವರಿಗೆ "ಅವರ ಸಹವಾಸ ಬೇಡ" ಎಂದು ಹೇಳಿಸುವುದು ಯಾವ ನ್ಯಾಯ? ಜೊತೆಗೆ ಅರ್ಜಿ ಹಾಕುತ್ತೇನೆಂದಿದ್ದ ಕಾಲೋನಿಯ ಸದಸ್ಯೆಯನ್ನು ಅವರು ಕೂಲಿಗೆ ಹೋಗುವ ತೋಟದ ಯಜಮಾನರೇ ಕರೆದು ಮಾತಾಡಿಸಿದ್ದಾರೆ. ಅಲ್ಲಿಂದೀಚೆಗೆ ಅವರು ನನ್ನ ಕಣ್ಣು ತಪ್ಪಿಸುತ್ತಾರೆ.

ಮಾಹಿತಿ ಆಯೋಗಕ್ಕೆ ಎರಡನೇ ಮೇಲ್ಮನವಿ ಅಂಚೆಯಲ್ಲಿ ಹೋಗಿದೆ. ಕಳೆದ ವಾರ ಹುಡುಗ ಮತ್ತೆ ಪುಸ್ತಕ ಹೊತ್ತು ಬಂದ. ಪೆನ್ಸಿಲ್ ಚುಕ್ಕಿಯ ಮುಂದೆ ಸಹಿಯ ಬದಲು "ಈ ದಿನ ಸಭೆ ನಡೆದಿಲ್ಲ, ಮೇಲಿನ ಪುಟ ಖಾಲಿ ಇದೆ" ಎಂದು ಬರೆದು, ದಿನಾಂಕ ಹಾಕಿ, ಫೋಟೊ ತೆಗೆದುಕೊಂಡು ಕಳುಹಿಸಿದೆ. ಸಂಜೆ ಮುಖ್ಯ ಶಿಕ್ಷಕರು ಫೋನ್ ಮಾಡಿ, ಬಹಳ ನೊಂದ ದನಿಯಲ್ಲಿ, "ಒಳ್ಳೆಯ ಪುಸ್ತಕ ಹಾಳು ಮಾಡಿಬಿಟ್ಟಿರಲ್ಲಮ್ಮ, ಈಗ ಹೊಸದು ತರಬೇಕು" ಎಂದರು. ಅದರ ಖರ್ಚಿಗೂ ಸಭೆಯ ಅನುಮೋದನೆ ಬೇಕಂತೆ.